ವೈದ್ಯವಿದ್ಯಾರ್ಥಿಯ ಕರ್ಮಕೌಶಲ: ಬಳ್ಳಿಗಾವೆಯ ಕೋಡಿಯ ಮಠದಿಂದ ಶಿವಮೊಗ್ಗೆಯ ಜಿಲ್ಲಾ ಆಸ್ಪತ್ರೆಯವರೆಗೆ

೧. ವಿಷಯಪ್ರವೇಶ

ಶಾಸ್ತ್ರವನ್ನು ಓದಿ ಮುಗಿಸಿದ ವಿದ್ಯಾರ್ಥಿಗೂ ರೋಗಿಯ ಪ್ರಾಣವನ್ನು ನಂಬಿ ಒಪ್ಪಿಸಬಹುದಾದ ವೈದ್ಯನಿಗೂ ನಡುವೆ ಒಂದು ಕಾಲಾವಧಿಯುಂಟು. ಆ ಅವಧಿಯಲ್ಲಿ ಅವನು ಪೂರ್ಣವಾಗಿ ಶಿಷ್ಯನೂ ಅಲ್ಲ, ಪೂರ್ಣವಾಗಿ ಭಿಷಜನೂ ಅಲ್ಲ. ಪುಸ್ತಕದಲ್ಲಿ ಕಂಡುದನ್ನು ಶರೀರದಲ್ಲಿ ಕಾಣುವುದನ್ನೂ, ಗುರುವಿನ ಕೈಯಲ್ಲಿ ನೋಡಿದುದನ್ನು ತನ್ನ ಕೈಯಿಂದ ಮಾಡುವುದನ್ನೂ ಅವನು ಆಗ ಕಲಿಯಬೇಕು. ಇಂದಿನ ಆಸ್ಪತ್ರೆಗಳಲ್ಲಿ ಈ ಅವಧಿಯಲ್ಲಿರುವವರನ್ನು ರೆಸಿಡೆಂಟ್ ವೈದ್ಯರೆಂದು ಕರೆಯುತ್ತಾರೆ. ಪ್ರಾಚೀನರು ಇದಕ್ಕೆ ಪ್ರತ್ಯೇಕವಾದ ಬಿರುದನ್ನಿಡಲಿಲ್ಲವಾದರೂ ಇದರ ಸ್ವರೂಪವನ್ನು ಬಹು ಸೂಕ್ಷ್ಮವಾಗಿ ವಿಚಾರಿಸಿದ್ದರು. ವೈದ್ಯತ್ವವು ಜನ್ಮದಿಂದ ಬರುವುದಲ್ಲ, ವಿದ್ಯೆಯು ಸಮಾಪ್ತವಾದಾಗ ವೈದ್ಯನಿಗೆ ಮೂರನೆಯ ಜನ್ಮವುಂಟಾಗುತ್ತದೆ ಎಂಬುದು ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಕಂಡುಬರುವ ಅಭಿಪ್ರಾಯವು.

ಈ ಮೂರನೆಯ ಜನ್ಮಕ್ಕೆ ಯಾವ ಯಾವ ಕಾರಣಗಳು ಸಹಾಯಕವಾಗುತ್ತವೆ, ಯಾವುವು ಪ್ರತಿಬಂಧಕವಾಗುತ್ತವೆ ಎಂಬುದೇ ಪ್ರಕೃತ ವಿಚಾರದ ವಿಷಯವು. ಇದನ್ನು ವಿಚಾರಿಸುವುದಕ್ಕೆ ಶಿವಮೊಗ್ಗೆಯ ಸೀಮೆಯು ಬಹಳ ಅನುಕೂಲವಾದುದು. ಏಕೆಂದರೆ ಕರ್ಣಾಟಕದಲ್ಲಿ ವಿದ್ಯಾಸ್ಥಾನವೂ ರೋಗಿಗಳ ಚಿಕಿತ್ಸಾಸ್ಥಾನವೂ ಒಂದೇ ಆವರಣದಲ್ಲಿದ್ದುವೆಂದು ಸ್ಪಷ್ಟವಾಗಿ ಹೇಳುವ ಹನ್ನೆರಡನೆಯ ಶತಮಾನದ ಶಾಸನವೊಂದು ಈ ಜಿಲ್ಲೆಯಲ್ಲಿಯೇ ದೊರೆತಿದೆ. ಅದೇ ಜಿಲ್ಲೆಯ ಮುಖ್ಯಪಟ್ಟಣದಲ್ಲಿ ಇಂದು ಆಸ್ಪತ್ರೆಯೊಂದು ವೈದ್ಯವಿದ್ಯಾಲಯವನ್ನು ಕೂಡಿಕೊಂಡು ನಡೆಯುತ್ತಿದೆ. ಇವೆರಡರ ನಡುವೆ ಎಂಟು ಶತಮಾನಗಳಿಗೂ ಮಿಕ್ಕ ಅಂತರವಿದ್ದರೂ ಎರಡು ಕಡೆಗಳಲ್ಲಿಯೂ ಪ್ರಶ್ನೆಯು ಒಂದೇ ಆಗಿದೆ: ಕಲಿಯುವವನ ಕೈಯು ಪಳಗುವುದು ಹೇಗೆ? ಅದು ಪಳಗುವವರೆಗೆ ರೋಗಿಯನ್ನು ಕಾಯುವವರು ಯಾರು?

೨. ಕೌಶಲದ ಲಕ್ಷಣ

ಮೊದಲು ಕುಶಲನಾದ ವೈದ್ಯನೆಂದರೆ ಯಾರು ಎಂಬುದನ್ನು ನಿರ್ಣಯಿಸಬೇಕು. ಚರಕನು ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯದಲ್ಲಿ ವೈದ್ಯನಿಗೆ ನಾಲ್ಕು ಗುಣಗಳನ್ನು ವಿಧಿಸುತ್ತಾನೆ. ಶಾಸ್ತ್ರಜ್ಞಾನದಲ್ಲಿ ನೈರ್ಮಲ್ಯ, ಅನೇಕಾವರ್ತಿ ಕರ್ಮವನ್ನು ಕಂಡಿರುವಿಕೆ, ದಾಕ್ಷ್ಯ, ಶೌಚ ಇವೇ ಆ ನಾಲ್ಕು. ವಾಗ್ಭಟನು ಅಷ್ಟಾಂಗಹೃದಯದ ಮೊದಲನೆಯ ಅಧ್ಯಾಯದಲ್ಲಿ ಇವನ್ನೇ ಸ್ವಲ್ಪ ಮಾರ್ಪಡಿಸಿ ಹೇಳುವಾಗ, ಶಾಸ್ತ್ರಾರ್ಥವನ್ನು ತೀರ್ಥದಿಂದ, ಎಂದರೆ ಗುರುಮುಖದಿಂದ, ಪಡೆದಿರಬೇಕೆಂದು ವಿಶೇಷವಾಗಿ ಸೇರಿಸಿದ್ದಾನೆ. ಇಬ್ಬರಲ್ಲಿಯೂ ‘ದೃಷ್ಟಕರ್ಮ’ ಎಂಬ ಪದವು ಬಂದಿರುವುದನ್ನು ಗಮನಿಸಬೇಕು. ಚರಕನು ಅದಕ್ಕೆ ‘ಬಹುಶಃ’ ಎಂಬ ವಿಶೇಷಣವನ್ನೂ ಕೊಟ್ಟಿದ್ದಾನೆ. ಒಂದು ಸಲ ಕಂಡರೆ ಸಾಲದು, ಹಲವು ಸಲ ಕಂಡಿರಬೇಕು ಎಂಬುದು ಅವನ ಆಶಯವು.

ಸುಶ್ರುತನು ಇನ್ನೂ ಮುಂದೆ ಹೋಗುತ್ತಾನೆ. ಶಾಸ್ತ್ರವನ್ನು ಮಾತ್ರ ಬಲ್ಲವನು ರೋಗಿಯ ಮುಂದೆ ನಿಂತಾಗ, ರಣರಂಗಕ್ಕೆ ಬಂದ ಹೇಡಿಯಂತೆ ಮೋಹಗೊಳ್ಳುತ್ತಾನೆ. ಕರ್ಮವನ್ನು ಮಾತ್ರ ಬಲ್ಲವನು ಸಜ್ಜನರ ಮನ್ನಣೆಯನ್ನು ಪಡೆಯದೆ ರಾಜದಂಡನೆಗೆ ಅರ್ಹನಾಗುತ್ತಾನೆ. ಇವರಿಬ್ಬರೂ ಒಂದೇ ರೆಕ್ಕೆಯ ಹಕ್ಕಿಗಳಂತೆ ಕಾರ್ಯಕ್ಕೆ ಅಸಮರ್ಥರು ಎಂಬುದು ಅವನ ಮತವು. ಅಯೋಗ್ಯನಾದ ವೈದ್ಯನು ರಾಜ್ಯದಲ್ಲಿ ತಿರುಗಾಡುವುದಕ್ಕೆ ರಾಜನ ದೋಷವೇ ಕಾರಣವೆಂದೂ ಅವನು ಹೇಳಿದ್ದಾನೆ. ಹೀಗೆ ವೈದ್ಯನ ಕೌಶಲವು ಅವನೊಬ್ಬನ ಹೊಣೆಯಲ್ಲ, ಕಲಿಸಿದವನ ಮತ್ತು ಆಳುವವನ ಹೊಣೆಯೂ ಹೌದೆಂಬ ತತ್ತ್ವವು ಆಯುರ್ವೇದದ ಮೂಲಗ್ರಂಥದಲ್ಲಿಯೇ ಬೇರೂರಿದೆ.

ಆಧುನಿಕ ಶಿಕ್ಷಣತಜ್ಞರ ವಿಂಗಡಣೆಯು ಇದಕ್ಕೆ ದೂರವಾದುದಲ್ಲ. ಜಾರ್ಜ್ ಮಿಲ್ಲರ್ ಎಂಬ ಅಮೆರಿಕಾ ದೇಶದ ವೈದ್ಯಶಿಕ್ಷಣಜ್ಞನು 1990ರಲ್ಲಿ ಕೌಶಲಕ್ಕೆ ನಾಲ್ಕು ಮೆಟ್ಟಲುಗಳನ್ನು ಹೇಳಿದನು. ವಿಷಯವನ್ನು ತಿಳಿದಿರುವುದು ಮೊದಲನೆಯದು, ಮಾಡುವ ಬಗೆಯನ್ನು ತಿಳಿದಿರುವುದು ಎರಡನೆಯದು, ಪರೀಕ್ಷಕರ ಮುಂದೆ ಮಾಡಿ ತೋರಿಸುವುದು ಮೂರನೆಯದು, ನಿತ್ಯದ ವೃತ್ತಿಯಲ್ಲಿ ಮಾಡುವುದು ನಾಲ್ಕನೆಯದು. ಪರೀಕ್ಷೆಗಳು ಬಹುಮಟ್ಟಿಗೆ ಮೊದಲೆರಡು ಮೆಟ್ಟಲುಗಳಲ್ಲಿಯೇ ನಿಲ್ಲುತ್ತವೆ ಎಂಬುದು ಅವನ ಆಕ್ಷೇಪದ ಸಾರವು. ಶ್ರುತ, ದೃಷ್ಟಕರ್ಮ, ದಾಕ್ಷ್ಯ ಎಂಬ ಕ್ರಮವನ್ನು ಬಲ್ಲವರಿಗೆ ಈ ಮೆಟ್ಟಲುಗಳು ಅಪರಿಚಿತವೆನಿಸಲಾರವು.

೩. ಗುರುವಿನ ಗುಣ, ಶಿಷ್ಯನ ಕಟ್ಟು

ಶಿಷ್ಯನ ಕೌಶಲಕ್ಕೆ ಮೊದಲನೆಯ ಕಾರಣವು ಗುರುವೇ. ಚರಕನು ವಿಮಾನಸ್ಥಾನದ ಎಂಟನೆಯ ಅಧ್ಯಾಯದಲ್ಲಿ ವಿದ್ಯಾರ್ಥಿಯು ಮೊದಲು ಶಾಸ್ತ್ರವನ್ನೂ ಬಳಿಕ ಆಚಾರ್ಯನನ್ನೂ ಪರೀಕ್ಷಿಸಬೇಕೆಂದು ವಿಧಿಸಿದ್ದಾನೆ. ಆಚಾರ್ಯನು ತಾನೇ ಕರ್ಮವನ್ನು ಕಂಡವನಾಗಿರಬೇಕು, ಉಪಕರಣಗಳುಳ್ಳವನಾಗಿರಬೇಕು, ಅಹಂಕಾರವೂ ಅಸೂಯೆಯೂ ಕೋಪವೂ ಇಲ್ಲದವನಾಗಿರಬೇಕು, ಕ್ಲೇಶವನ್ನು ಸಹಿಸುವವನೂ ಶಿಷ್ಯವತ್ಸಲನೂ ಆಗಿರಬೇಕು, ತಿಳಿಯಹೇಳುವ ಸಾಮರ್ಥ್ಯವುಳ್ಳವನಾಗಿರಬೇಕು. ಈ ಪಟ್ಟಿಯಲ್ಲಿ ಪಾಂಡಿತ್ಯವು ಒಂದು ಗುಣವಾಗಿದೆಯೇ ಹೊರತು ಅದೊಂದೇ ಗುಣವಾಗಿಲ್ಲ. ಉಪಕರಣಗಳಿಲ್ಲದ ಪಂಡಿತನೂ ಕೋಪಿಷ್ಠನಾದ ಪಂಡಿತನೂ ಶಿಷ್ಯನನ್ನು ವೈದ್ಯನನ್ನಾಗಿ ಮಾಡಲಾರರೆಂಬುದು ಇದರಿಂದ ವಿದಿತವಾಗುತ್ತದೆ.

ಅದೇ ಅಧ್ಯಾಯದಲ್ಲಿ ಜ್ಞಾನಕ್ಕೆ ಅಧ್ಯಯನ, ಅಧ್ಯಾಪನ, ತದ್ವಿದ್ಯಸಂಭಾಷೆ ಎಂಬ ಮೂರು ಉಪಾಯಗಳನ್ನು ಹೇಳಿದೆ. ತದ್ವಿದ್ಯಸಂಭಾಷೆಯೆಂದರೆ ಅದೇ ವಿದ್ಯೆಯನ್ನು ಬಲ್ಲವರೊಡನೆ ಮಾಡುವ ಚರ್ಚೆಯು. ಸ್ನೇಹದಿಂದ ಮಾಡುವ ಸಂಭಾಷೆಯಲ್ಲಿ ನಿಶ್ಶಂಕೆಯಿಂದ ಕೇಳಬೇಕು, ನಿಶ್ಶಂಕೆಯಿಂದ ಉತ್ತರವನ್ನು ಹೇಳಬೇಕು, ಸೋಲುವೆನೆಂಬ ಭಯದಿಂದ ಕಳವಳಗೊಳ್ಳಬಾರದು ಎಂದು ಚರಕನು ವಿವರಿಸಿದ್ದಾನೆ. ಇಂದು ಹಿರಿಯ ವೈದ್ಯರು ಬೆಳಗ್ಗೆ ರೋಗಿಗಳ ಹಾಸಿಗೆಯಿಂದ ಹಾಸಿಗೆಗೆ ನಡೆಯುತ್ತ ಕಿರಿಯರನ್ನು ಪ್ರಶ್ನಿಸುವ ಪದ್ಧತಿಯು ಈ ಸಂಭಾಷೆಯ ಇನ್ನೊಂದು ರೂಪವೆಂದೇ ಹೇಳಬಹುದು. ತನಗೆ ತಿಳಿಯದುದನ್ನು ತಿಳಿಯದೆಂದು ಹೇಳಲು ಕಿರಿಯನು ಹೆದರಿದರೆ, ಆ ಹೆದರಿಕೆಯ ಫಲವನ್ನು ಅನುಭವಿಸುವವನು ರೋಗಿಯೇ.

ಸುಶ್ರುತಸಂಹಿತೆಯ ಶಿಷ್ಯೋಪನಯನೀಯಾಧ್ಯಾಯದಲ್ಲಿ ಶಿಷ್ಯನಿಗೆ ಅಗ್ನಿಸಾಕ್ಷಿಯಾಗಿ ಅನೇಕ ನಿಯಮಗಳನ್ನು ವಿಧಿಸಿದ ಮೇಲೆ ಗುರುವು ತಾನೂ ಒಂದು ಮಾತನ್ನು ಕೊಡುತ್ತಾನೆ. ಶಿಷ್ಯನು ಸರಿಯಾಗಿ ನಡೆದುಕೊಳ್ಳುತ್ತಿರುವಾಗ ಗುರುವು ಅನ್ಯಥಾ ವರ್ತಿಸಿದರೆ, ಗುರುವೇ ಪಾಪಭಾಗಿಯಾಗಲಿ, ಅವನ ವಿದ್ಯೆಯು ನಿಷ್ಫಲವಾಗಲಿ ಎಂಬುದು ಆ ಮಾತಿನ ಸಾರವು. ಶಿಷ್ಯನ ಕರ್ತವ್ಯಗಳನ್ನು ಹೇಳುವ ಗ್ರಂಥಗಳು ಬೇಕಾದಷ್ಟಿವೆ; ಗುರುವನ್ನೂ ಹೀಗೆ ಕಟ್ಟಿಹಾಕುವ ವಿಧಿಯು ವಿರಳವಾದುದು. ಅದೇ ಅಧ್ಯಾಯವು ದರಿದ್ರರನ್ನೂ ಅನಾಥರನ್ನೂ ತನ್ನ ಬಂಧುಗಳೆಂಬಂತೆ ಭಾವಿಸಿ ತನ್ನದೇ ಔಷಧಗಳಿಂದ ಚಿಕಿತ್ಸಿಸಬೇಕೆಂದು ಶಿಷ್ಯನಿಗೆ ಆಜ್ಞಾಪಿಸುತ್ತದೆ. ‘ಅನಾಥ’ ಎಂಬ ಈ ಪದವು ಮುಂದೆ ಬಳ್ಳಿಗಾವೆಯ ಶಾಸನದಲ್ಲಿಯೂ ಬರುವುದರಿಂದ ಅದನ್ನು ಇಲ್ಲಿ ನೆನಪಿನಲ್ಲಿಟ್ಟುಕೊಳ್ಳತಕ್ಕದ್ದು.

೪. ಯೋಗ್ಯಾ: ಕೈಯನ್ನು ಪಳಗಿಸುವ ಕ್ರಮ

ಸುಶ್ರುತನ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯಕ್ಕೆ ಯೋಗ್ಯಾಸೂತ್ರೀಯವೆಂದು ಹೆಸರು. ಯೋಗ್ಯಾ ಎಂದರೆ ಕರ್ಮಾಭ್ಯಾಸ. ಸರ್ವಶಾಸ್ತ್ರಗಳನ್ನು ಓದಿದ ಶಿಷ್ಯನಿಗೂ ಯೋಗ್ಯೆಯನ್ನು ಮಾಡಿಸಬೇಕು, ಬಹುಶ್ರುತನಾಗಿದ್ದರೂ ಯೋಗ್ಯೆಯನ್ನು ಮಾಡದವನು ಕರ್ಮಗಳಿಗೆ ಅಯೋಗ್ಯನು ಎಂದು ಅಲ್ಲಿ ನಿರ್ಣಯಿಸಲಾಗಿದೆ. ಕತ್ತರಿಸುವ ಕ್ರಮವನ್ನು ಬೂದುಗುಂಬಳ, ಸೋರೆ, ಕಲ್ಲಂಗಡಿ, ಸೌತೆ ಮೊದಲಾದ ಕಾಯಿಗಳಲ್ಲಿ ತೋರಿಸಬೇಕು. ಸೀಳುವುದನ್ನು ನೀರೂ ಕೆಸರೂ ತುಂಬಿದ ತೊಗಲಿನ ಚೀಲಗಳಲ್ಲಿ, ಕೆರೆಯುವುದನ್ನು ಕೂದಲುಳ್ಳ ಚರ್ಮದಲ್ಲಿ, ಸಿರೆಯನ್ನು ಚುಚ್ಚುವುದನ್ನು ಸತ್ತ ಪ್ರಾಣಿಯ ಸಿರೆಗಳಲ್ಲಿ ಮತ್ತು ತಾವರೆಯ ದಂಟುಗಳಲ್ಲಿ ಕಲಿಸಬೇಕು. ವ್ರಣದ ಆಳವನ್ನು ಶೋಧಿಸುವುದಕ್ಕೆ ಹುಳು ತಿಂದ ಮರವೂ ಬಿದಿರೂ, ಹೊಲಿಯುವುದಕ್ಕೆ ದಪ್ಪ ಬಟ್ಟೆಯ ಅಂಚೂ ಮೆದುವಾದ ಚರ್ಮವೂ, ಪಟ್ಟಿಯನ್ನು ಕಟ್ಟುವುದಕ್ಕೆ ಮನುಷ್ಯಾಕಾರದ ಬೊಂಬೆಯೂ ಹೇಳಲ್ಪಟ್ಟಿವೆ. ಶಾರೀರಸ್ಥಾನದ ಐದನೆಯ ಅಧ್ಯಾಯದಲ್ಲಿ ಶವವನ್ನು ಹರಿಯುವ ನೀರಿನಲ್ಲಿ ಏಳು ರಾತ್ರಿಗಳ ಕಾಲ ಇರಿಸಿ, ಬಳಿಕ ಪದರಪದರವಾಗಿ ಪರೀಕ್ಷಿಸುವ ವಿಧಾನವೂ ಇದೆ.

ಈ ವಿಧಿಗಳಲ್ಲಿ ಎರಡು ಅಂಶಗಳು ಮುಖ್ಯವಾದುವು. ಮೊದಲನೆಯದಾಗಿ, ಪ್ರತಿಯೊಂದು ಕರ್ಮಕ್ಕೂ ಬೇರೆ ಬೇರೆ ವಸ್ತುವನ್ನು ಆರಿಸಿರುವುದರಿಂದ ಇದು ಕೇವಲ ಉಪದೇಶವಲ್ಲ, ಅನುಭವದಿಂದ ಹುಟ್ಟಿದ ಪಾಠಕ್ರಮವೆಂದು ತಿಳಿಯುತ್ತದೆ. ತಾವರೆಯ ದಂಟಿನಲ್ಲಿ ಸಿರಾವೇಧವನ್ನು ಕಲಿಯಬಹುದೆಂಬುದು ಕಲಿಸಿದವನಿಗೆ ಮಾತ್ರ ಹೊಳೆಯುವ ಯುಕ್ತಿ. ಎರಡನೆಯದಾಗಿ, ಶಿಷ್ಯನ ಮೊದಲನೆಯ ತಪ್ಪುಗಳೆಲ್ಲವೂ ಸೋರೆಕಾಯಿಯ ಮೇಲೆ ನಡೆದುಹೋಗಲಿ, ಮನುಷ್ಯನ ಮೇಲೆ ನಡೆಯದಿರಲಿ ಎಂಬ ದಯೆಯು ಇದರಲ್ಲಿ ಅಡಗಿದೆ. ಇಂದಿನ ವೈದ್ಯವಿದ್ಯಾಲಯಗಳಲ್ಲಿ ಬೊಂಬೆಗಳನ್ನೂ ಯಂತ್ರಗಳನ್ನೂ ಇಟ್ಟು ನಡೆಯಿಸುವ ಕೌಶಲಪ್ರಯೋಗಾಲಯಗಳ ಉದ್ದೇಶವೂ ಇದೇ ಆಗಿದೆ.

ಯೋಗ್ಯೆಯ ಮುಂದಿನ ಅಧ್ಯಾಯವೇ ವಿಶಿಖಾನುಪ್ರವೇಶನೀಯವೆಂಬುದು. ಶಾಸ್ತ್ರವನ್ನು ಓದಿ, ಅದರ ಅರ್ಥವನ್ನು ಗ್ರಹಿಸಿ, ಕರ್ಮವನ್ನು ನೋಡಿ, ಯೋಗ್ಯೆಯನ್ನು ಮಾಡಿ, ಶಾಸ್ತ್ರವನ್ನು ತಾನೇ ವಿವರಿಸಬಲ್ಲವನಾಗಿ, ರಾಜನ ಅನುಜ್ಞೆಯನ್ನು ಪಡೆದ ವೈದ್ಯನು ಮಾತ್ರ ವೃತ್ತಿಯ ಬೀದಿಗೆ ಇಳಿಯಬೇಕು. ಅಧ್ಯಾಯಗಳ ಈ ಅನುಕ್ರಮವು ಆಕಸ್ಮಿಕವಾದುದಲ್ಲ. ಅಭ್ಯಾಸಕ್ಕೂ ಅನುಜ್ಞೆಗೂ ನಡುವೆ ಬೇರೆ ಯಾವ ದಾರಿಯನ್ನೂ ಸಂಹಿತಾಕಾರನು ಬಿಟ್ಟಿಲ್ಲ.

೫. ಕೋಡಿಯ ಮಠದ ಶಾಸನ

ಇದುವರೆಗೆ ಹೇಳಿದುದು ಶಾಸ್ತ್ರದ ವಿಧಿಯಾಯಿತು. ವಿಧಿಯಿದ್ದ ಮಾತ್ರಕ್ಕೆ ಅದರ ಆಚರಣೆಯು ಕರ್ಣಾಟಕದಲ್ಲಿ ಇತ್ತೆಂದು ಹೇಳುವುದು ಇತಿಹಾಸಕಾರನಿಗೆ ತಕ್ಕುದಲ್ಲ. ಅದಕ್ಕೆ ಶಾಸನಪ್ರಮಾಣವು ಬೇಕು. ಈಗಿನ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯು ಬನವಾಸಿ ನಾಡಿನ ರಾಜಧಾನಿಯಾಗಿ ಪ್ರಸಿದ್ಧವಾಗಿತ್ತು. ಅಲ್ಲಿ ದಕ್ಷಿಣಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯ ಮಠವು ಕಾಳಾಮುಖ ಶೈವಾಚಾರ್ಯರ ಪೀಠವಾಗಿತ್ತು. ಕೆರೆಯ ಕೋಡಿಯ ಬಳಿಯಲ್ಲಿದ್ದುದರಿಂದ ಈ ಹೆಸರು ಬಂದಿತು. ಕಳಚುರ್ಯ ಬಿಜ್ಜಳನ ಕಾಲದ, ಕ್ರಿ. ಶ. 1162ರ ಶಾಸನವು ವಾಮಶಕ್ತಿಯೆಂಬ ಆಚಾರ್ಯನ ಕಾಲದಲ್ಲಿ ಈ ಮಠವು ಹೇಗಿತ್ತೆಂಬುದನ್ನು ವಿಸ್ತಾರವಾಗಿ ವರ್ಣಿಸುತ್ತದೆ. ಬಿ. ಎಲ್. ರೈಸ್ ಅವರು ಸಂಪಾದಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಏಳನೆಯ ಸಂಪುಟದಲ್ಲಿ ಇದು ಶಿಕಾರಿಪುರ ತಾಲ್ಲೂಕಿನ 102ನೆಯ ಶಾಸನವಾಗಿ ಮುದ್ರಿತವಾಗಿದೆ.

ಶಾಸನದ ವರ್ಣನೆಯಂತೆ ಆ ಮಠವು ಸಾಂಗವಾದ ನಾಲ್ಕು ವೇದಗಳ ಅಧ್ಯಯನಕ್ಕೂ, ಕೌಮಾರ, ಪಾಣಿನೀಯ, ಶಾಕಟಾಯನ ಮೊದಲಾದ ವ್ಯಾಕರಣಗಳಿಗೂ, ನ್ಯಾಯ, ವೈಶೇಷಿಕ, ಮೀಮಾಂಸಾ, ಸಾಂಖ್ಯ, ಬೌದ್ಧಾದಿ ದರ್ಶನಗಳಿಗೂ, ಲಾಕುಲಸಿದ್ಧಾಂತ ಪಾತಂಜಲಾದಿ ಯೋಗಶಾಸ್ತ್ರಗಳಿಗೂ, ಪುರಾಣ, ಧರ್ಮಶಾಸ್ತ್ರ, ಕಾವ್ಯ, ನಾಟಕಗಳಿಗೂ ಸ್ಥಾನವಾಗಿತ್ತು. ಜೊತೆಗೆ ದೀನರಿಗೂ ಕುಂಟರಿಗೂ ಕುರುಡರಿಗೂ ಕಿವುಡರಿಗೂ ಅನ್ನದಾನದ ಸ್ಥಾನವಾಗಿತ್ತು. ನಾನಾ ಮತಗಳ ಭಿಕ್ಷುಗಳಿಗೆ ಆಶ್ರಯವಾಗಿತ್ತು. ಅನಾಥರಾದ ರೋಗಿಗಳಿಗೆ ಔಷಧೋಪಚಾರದ ಸ್ಥಾನವಾಗಿತ್ತು. ಸಕಲ ಜೀವಿಗಳಿಗೂ ಅಭಯಸ್ಥಾನವಾಗಿತ್ತು.

ಈ ಶಾಸನವನ್ನಾಧರಿಸಿ ಕೋಡಿಯ ಮಠದಲ್ಲಿ ವೈದ್ಯವಿದ್ಯಾಲಯವೇ ಇತ್ತೆಂದು ಹೇಳಬಹುದೇ ಎಂಬುದು ವಿಚಾರಣೀಯವು. ಶಾಸನವು ಕಲಿಸುತ್ತಿದ್ದ ಶಾಸ್ತ್ರಗಳ ದೀರ್ಘವಾದ ಪಟ್ಟಿಯನ್ನು ಕೊಟ್ಟಿದ್ದರೂ ಅದರಲ್ಲಿ ಆಯುರ್ವೇದದ ಹೆಸರನ್ನು ಪ್ರತ್ಯೇಕವಾಗಿ ಎತ್ತಿಲ್ಲ. ವಿವಿಧ ವಿದ್ಯೆಗಳೆಂಬ ಸಾಮಾನ್ಯವಾದ ಮಾತಿನಲ್ಲಿ ಅದು ಅಡಕವಾಗಿರಬಹುದು, ಇಲ್ಲದೆಯೂ ಇರಬಹುದು. ಆದುದರಿಂದ ರೋಗಿಗಳಿಗೆ ಚಿಕಿತ್ಸೆಯು ನಡೆಯುತ್ತಿತ್ತೆಂಬುದು ಸಿದ್ಧವಾದ ವಿಷಯವು. ಆ ಚಿಕಿತ್ಸೆಯ ಮೂಲಕ ಶಿಷ್ಯರಿಗೆ ಶಿಕ್ಷಣವು ಆಗುತ್ತಿತ್ತೆಂಬುದು ಸಂಭಾವ್ಯವಾದ ಊಹೆಯು. ಇವೆರಡನ್ನೂ ಬೆರಸಬಾರದು.

ಆದರೆ ಈ ಊಹೆಗೆ ನೆರೆನಾಡಿನ ಶಾಸನಗಳಿಂದ ಬಲವು ಬರುತ್ತದೆ. ತಮಿಳುನಾಡಿನ ತಿರುಮುಕ್ಕೂಡಲಿನ ದೇವಾಲಯದಲ್ಲಿರುವ, ವೀರರಾಜೇಂದ್ರ ಚೋಳನ ಕಾಲದ ಶಾಸನವು ವೇದಪಾಠಶಾಲೆಯೊಡನೆ ಹದಿನೈದು ಹಾಸಿಗೆಗಳ ಆತುರಶಾಲೆಯೊಂದನ್ನು ಹೇಳುತ್ತದೆ. ಅಲ್ಲಿ ಒಬ್ಬ ವೈದ್ಯನೂ, ಒಬ್ಬ ಶಲ್ಯಚಿಕಿತ್ಸಕನೂ, ಮೂಲಿಕೆಗಳನ್ನು ತರುವವರೂ, ಶುಶ್ರೂಷೆಯನ್ನು ಮಾಡುವ ಹೆಂಗಸರೂ ನಿಯಮಿತರಾಗಿದ್ದರು. ವಿಕ್ರಮಚೋಳನ ಕಾಲಕ್ಕೆ ಸೇರಿದ ತಿರುವಾವಡುತುರೈಯ 1121ರ ಶಾಸನವು ಇನ್ನೂ ಸ್ಪಷ್ಟವಾದುದು. ಅಷ್ಟಾಂಗಹೃದಯವನ್ನೂ ಚರಕಸಂಹಿತೆಯನ್ನೂ ಓದುವವರಿಗೆ ಮಠದಲ್ಲಿ ಭೋಜನದ ಏರ್ಪಾಡನ್ನು ಅದು ಹೇಳುತ್ತದೆ. ಆಂಧ್ರದಲ್ಲಿ ಕಾಕತೀಯರ ಕಾಲದ ಮಲ್ಕಾಪುರದ 1261ರ ಶಾಸನದಲ್ಲಿ ಶೈವಮಠವೊಂದರೊಡನೆ ಆರೋಗ್ಯಶಾಲೆಯೂ ಪ್ರಸೂತಿಶಾಲೆಯೂ ಇದ್ದುದು ತಿಳಿದುಬರುತ್ತದೆ. ಹೀಗೆ ಕೋಡಿಯ ಮಠದ ಹಿಂದೆಯೂ ಮುಂದೆಯೂ ದಕ್ಷಿಣದೇಶದಲ್ಲಿ ಮಠ, ವಿದ್ಯೆ, ಚಿಕಿತ್ಸೆ ಈ ಮೂರೂ ಕೂಡಿರುವುದು ಕಂಡುಬರುವುದರಿಂದ, ಬಳ್ಳಿಗಾವೆಯಲ್ಲಿ ಮಾತ್ರ ಅವು ಒಂದಕ್ಕೊಂದು ಸಂಬಂಧವಿಲ್ಲದೆ ಇದ್ದುವೆಂದು ಭಾವಿಸುವುದಕ್ಕೆ ಕಾರಣವಿಲ್ಲ.

ಇನ್ನೊಂದು ವಿಷಯವೂ ಇಲ್ಲಿ ಪರಿಶೀಲನಾರ್ಹವು. ಒಂದೇ ಶಾಸ್ತ್ರವನ್ನು ಓದಿದವನು ಶಾಸ್ತ್ರದ ನಿಶ್ಚಯವನ್ನು ತಿಳಿಯಲಾರನು, ಆದುದರಿಂದ ವೈದ್ಯನು ಬಹುಶ್ರುತನಾಗಿರಬೇಕು ಎಂಬುದು ಸುಶ್ರುತನ ನಾಲ್ಕನೆಯ ಅಧ್ಯಾಯದ ಅಭಿಪ್ರಾಯವು. ವ್ಯಾಕರಣವೂ ನ್ಯಾಯವೂ ಧರ್ಮಶಾಸ್ತ್ರವೂ ನಡೆಯುತ್ತಿದ್ದ ಆವರಣದಲ್ಲಿ ರೋಗಿಯು ಮಲಗಿದ್ದನೆಂಬುದು ಈ ದೃಷ್ಟಿಯಿಂದ ವಿಶೇಷಾರ್ಥವುಳ್ಳದ್ದು. ಅಲ್ಲಿ ವೈದ್ಯನು ತಾರ್ಕಿಕನ ನೆರೆಯವನಾಗಿದ್ದನು; ತಾರ್ಕಿಕನೂ ರೋಗಿಯ ನರಳಾಟದ ಸದ್ದು ಕೇಳುವಷ್ಟು ಹತ್ತಿರದಲ್ಲಿದ್ದನು.

೬. ಕನ್ನಡದಲ್ಲಿ ವೈದ್ಯಗ್ರಂಥಗಳು

ಕಲಿಯುವವನ ಕೌಶಲಕ್ಕೆ ಭಾಷೆಯೂ ಒಂದು ಕಾರಣವಾಗಿದೆ. ಸಂಸ್ಕೃತದ ವೈದ್ಯವನ್ನು ಕನ್ನಡಕ್ಕೆ ತರುವ ಪ್ರಯತ್ನವು ಬಹಳ ಹಿಂದೆಯೇ ಆರಂಭವಾಯಿತು. ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ (ಸುಮಾರು 1025) ವೈದ್ಯವಿಷಯಗಳಿವೆ. ಚಾಳುಕ್ಯವಂಶದ ಕೀರ್ತಿವರ್ಮನು ‘ಗೋವೈದ್ಯ’ವನ್ನು ರಚಿಸಿದನು. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಗ್ರಂಥವನ್ನನುಸರಿಸಿ ‘ಕರ್ಣಾಟಕ ಕಲ್ಯಾಣಕಾರಕ’ವನ್ನು ಬರೆದನು. ವಿಜಯನಗರದ ಆರಂಭಕಾಲದಲ್ಲಿ, ಹದಿನಾಲ್ಕನೆಯ ಶತಮಾನದ ಮಧ್ಯದಲ್ಲಿ, ಮಂಗರಾಜನು ‘ಖಗೇಂದ್ರಮಣಿದರ್ಪಣ’ವೆಂಬ ವಿಷವೈದ್ಯಗ್ರಂಥವನ್ನು ರಚಿಸಿದನು.

ಸೋಮನಾಥನ ಗ್ರಂಥವು ಬಳ್ಳಿಗಾವೆಯ ಶಾಸನಕ್ಕೆ ಹೆಚ್ಚು ಕಡಮೆ ಸಮಕಾಲೀನವಾದುದು. ಗ್ರಂಥವನ್ನು ಓದುವ ಭಾಷೆಯೂ ರೋಗಿಯು ತನ್ನ ನೋವನ್ನು ಹೇಳಿಕೊಳ್ಳುವ ಭಾಷೆಯೂ ಒಂದೇ ಆಗಲಿ ಎಂಬ ಪ್ರಯೋಜನವು ಇಂತಹ ಗ್ರಂಥಗಳಿಂದ ಸಾಧಿತವಾಗುತ್ತದೆ. ಮಲೆನಾಡಿನ ಮುದುಕಿಯೊಬ್ಬಳು ಸಂಕಟ, ಸೆಳೆತ, ಉರಿ, ಚಳಕು, ಮರಗಟ್ಟಿಕೆ ಎಂದು ಬೇರೆ ಬೇರೆಯಾಗಿ ಹೇಳುವಾಗ ಪ್ರತಿಯೊಂದು ಶಬ್ದವೂ ಒಂದೊಂದು ರೋಗಲಕ್ಷಣವನ್ನು ಸೂಚಿಸುತ್ತದೆ. ಇವೆಲ್ಲವನ್ನೂ ‘ನೋವು’ ಎಂದೇ ಬರೆದುಕೊಳ್ಳುವ ಶಿಕ್ಷಾರ್ಥಿಗೆ ನಿದಾನದ ಅರ್ಧಭಾಗವು ಆಗಲೇ ಕೈತಪ್ಪಿದಂತಾಗುತ್ತದೆ. ಇಂದು ವೈದ್ಯವಿದ್ಯೆಯು ಇಂಗ್ಲಿಷಿನಲ್ಲಿ ನಡೆಯುತ್ತಿರುವುದರಿಂದಲೂ ಶಿಕ್ಷಾರ್ಥಿಗಳು ಭಾರತದ ನಾನಾ ಪ್ರಾಂತಗಳಿಂದ ಬರುವುದರಿಂದಲೂ ಈ ಕಾರಣವು ಮೊದಲಿಗಿಂತ ಹೆಚ್ಚು ಪ್ರಬಲವಾಗಿದೆ.

೭. ಮೈಸೂರು ಸಂಸ್ಥಾನದಲ್ಲಿ ಹೊಸ ಪದ್ಧತಿ

ಪಾಶ್ಚಾತ್ಯ ವೈದ್ಯಪದ್ಧತಿಯು ಬಂದ ಮೇಲೆ ಶಿಕ್ಷಣದ ಸ್ಥಾನವು ಮಠದಿಂದಲೂ ಗುರುಗೃಹದಿಂದಲೂ ಆಸ್ಪತ್ರೆಗೆ ಬಂದಿತು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯು 1900ರಲ್ಲಿ ಪ್ರಾರಂಭವಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ 1908ರಲ್ಲಿ ಮೈಸೂರಿನಲ್ಲಿ ಆಯುರ್ವೇದ ವಿದ್ಯಾಲಯವು ಸ್ಥಾಪಿತವಾಯಿತು. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ವೈದ್ಯಕೀಯ ಕಾಲೇಜು 1930ರಲ್ಲಿ ಮೈಸೂರಿಗೆ ಬಂದು ಕೃಷ್ಣರಾಜೇಂದ್ರ ಆಸ್ಪತ್ರೆಯನ್ನು ತನ್ನ ಶಿಕ್ಷಣಸ್ಥಾನವಾಗಿ ಪಡೆಯಿತು.

ಆಸ್ಪತ್ರೆಯಲ್ಲಿಯೇ ವಾಸಮಾಡಿಕೊಂಡು ವರ್ಷದಿಂದ ವರ್ಷಕ್ಕೆ ಹೆಚ್ಚಿನ ಹೊಣೆಯನ್ನು ಹೊರುತ್ತ ಕಲಿಯುವ ರೆಸಿಡೆನ್ಸಿ ಎಂಬ ಕ್ರಮಕ್ಕೆ ಅಮೆರಿಕಾ ದೇಶದ ಬಾಲ್ಟಿಮೋರಿನಲ್ಲಿ 1889ರಲ್ಲಿ ತೆರೆದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ವಿಲಿಯಂ ಆಸ್ಲರ್, ವಿಲಿಯಂ ಹಾಲ್‌ಸ್ಟೆಡ್ ಎಂಬ ವೈದ್ಯರು ರೂಪವನ್ನು ಕೊಟ್ಟರು. ಭಾರತದಲ್ಲಿ ಈ ಕ್ರಮವು ಸ್ವಾತಂತ್ರ್ಯದ ಬಳಿಕ ಬೇರೂರಿತು. ಕರ್ಣಾಟಕದಲ್ಲಿ ಇದಕ್ಕೆ ಗಮನಾರ್ಹವಾದ ಒಂದು ಉದಾಹರಣೆಯುಂಟು. ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಸ್ಥಾಪಿತವಾಗಿ, ಡಾ. ಎಂ. ವಿ. ಗೋವಿಂದಸ್ವಾಮಿಯವರು ಅದರ ಮೊದಲನೆಯ ನಿರ್ದೇಶಕರಾದರು. 1974ರಲ್ಲಿ ಅವೆರಡೂ ಕೂಡಿ ನಿಮ್ಹಾನ್ಸ್ ಆಯಿತು. ರೋಗಿಗಳಿದ್ದಲ್ಲಿಗೆ ವಿದ್ಯೆಯನ್ನು ತಂದುದೇ ಆ ಸಂಸ್ಥೆಯ ಬಲವಾಯಿತು.

೮. ಶಿವಮೊಗ್ಗೆಯ ಜಿಲ್ಲಾ ಆಸ್ಪತ್ರೆ

ಶಿವಮೊಗ್ಗೆಯಲ್ಲಿಯೂ ಇದೇ ಕ್ರಮವು ಕಂಡುಬರುತ್ತದೆ. ಜನರ ಬಾಯಲ್ಲಿ ಮೆಗ್ಗಾನ್ ಆಸ್ಪತ್ರೆಯೆಂದೇ ನೆಲೆಗೊಂಡಿರುವ ಜಿಲ್ಲಾ ಆಸ್ಪತ್ರೆಯು ಮೊದಲು ಚಿಕಿತ್ಸಾಸ್ಥಾನವಾಗಿ ಬೆಳೆಯಿತು. 2007ರಲ್ಲಿ ಶಿವಮೊಗ್ಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯು ಆರಂಭವಾದ ಮೇಲೆ ಅದು ವಿದ್ಯಾಸ್ಥಾನವೂ ಆಯಿತು. ಈಗ ಸ್ನಾತಕೋತ್ತರ ಶಿಕ್ಷಣವೂ ಅಲ್ಲಿ ನಡೆಯುತ್ತಿದೆ. ನಗರದ ರಾಗಿಗುಡ್ಡದ ಕೂಲಿಯವನೂ, ಭದ್ರಾವತಿಯ ಕಾರ್ಮಿಕನೂ, ಸಾಗರ ಸೊರಬಗಳ ರೈತನೂ ಕೊನೆಗೆ ಸೇರುವ ಸ್ಥಳವು ಇಂತಹ ಜಿಲ್ಲಾ ಆಸ್ಪತ್ರೆಯೇ.

ಚರಕನು ಹೇಳಿದ ಬಹುಶೋದೃಷ್ಟಕರ್ಮತೆಗೆ ಇಂತಹ ಆಸ್ಪತ್ರೆಯು ವಿಶಾಲವಾದ ಕ್ಷೇತ್ರವಾಗಿದೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು 1923ರಲ್ಲಿ ಉತ್ಪಾದನೆಯನ್ನಾರಂಭಿಸಿದಂದಿನಿಂದ ಈ ಸೀಮೆಯು ಸುಟ್ಟಗಾಯ, ಜಜ್ಜುಗಾಯಗಳನ್ನು ಬಲ್ಲುದು. ಮಲೆನಾಡಿನ ಗದ್ದೆತೋಟಗಳಲ್ಲಿ ಹಾವಿನ ಕಡಿತವು ಇಂದಿಗೂ ಸಾಮಾನ್ಯವಾದುದು. ಮಂಗರಾಜನು ವಿಷವೈದ್ಯಕ್ಕೇ ಒಂದು ಗ್ರಂಥವನ್ನು ಮೀಸಲಿಟ್ಟುದರ ಔಚಿತ್ಯವು ಇಲ್ಲಿಯವರಿಗೆ ಸುಲಭವಾಗಿ ತಿಳಿದೀತು. ಇನ್ನು ಮಂಗನ ಕಾಯಿಲೆಯಂತೂ ಈ ಜಿಲ್ಲೆಯ ಹೆಸರನ್ನು ಜಗತ್ತಿನ ವೈದ್ಯಗ್ರಂಥಗಳಲ್ಲಿ ಬರೆಯಿಸಿತು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬೀಳುತ್ತಿದ್ದುದೂ, ಸುತ್ತಣ ಹಳ್ಳಿಯವರು ಜ್ವರದಿಂದ ನರಳುತ್ತಿದ್ದುದೂ ಕಂಡುಬಂದು, 1957ರಲ್ಲಿ ಅದಕ್ಕೆ ಕಾರಣವಾದ ವೈರಾಣುವು ಗುರುತಿಸಲ್ಪಟ್ಟಿತು. ಉಣ್ಣೆಯೆಂಬ ಹುಳುವಿನ ಕಡಿತದಿಂದ ಅದು ಹರಡುತ್ತದೆ. ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತಮುತ್ತ 2018-19ರಲ್ಲಿ ಈ ರೋಗವು ಮತ್ತೆ ಪ್ರಬಲವಾಯಿತು. ದೂರದ ಮಹಾನಗರದಲ್ಲಿ ಕಲಿತ ಶಿಕ್ಷಾರ್ಥಿಯು ಈ ಜ್ವರವನ್ನು ಪುಸ್ತಕದ ಒಂದು ಪಂಕ್ತಿಯಾಗಿ ಮಾತ್ರ ಬಲ್ಲನು. ಇಲ್ಲಿ ಕಲಿತವನು, ರೋಗಿಯು ಕಾಡಿಗೆ ಸೌದೆಗೆಂದೋ ಸೊಪ್ಪಿಗೆಂದೋ ಹೋಗಿದ್ದನೇ ಎಂದು ಮೊದಲು ಕೇಳುವುದನ್ನು ಕಲಿಯುತ್ತಾನೆ.

ಈ ತತ್ತ್ವವನ್ನು ರಾಜ್ಯಾಡಳಿತವೂ ಈಚೆಗೆ ಅಂಗೀಕರಿಸಿದೆ. 2020ರಲ್ಲಿ ಹೊರಟ ನಿಯಮದಂತೆ ಸ್ನಾತಕೋತ್ತರ ವೈದ್ಯರೆಲ್ಲರೂ ತಮ್ಮ ಶಿಕ್ಷಣಾವಧಿಯಲ್ಲಿ ಮೂರು ತಿಂಗಳ ಕಾಲ ಜಿಲ್ಲಾ ಆಸ್ಪತ್ರೆಯ ಕ್ರಮದಲ್ಲಿ ಸೇವೆ ಮಾಡಬೇಕಾಗಿದೆ. ಭೋರ್ ಸಮಿತಿಯು 1946ರಲ್ಲಿಯೇ ತನ್ನ ವರದಿಯಲ್ಲಿ, ವೈದ್ಯನು ಜನಸಾಮಾನ್ಯರ ಜೀವನವನ್ನು ಬಲ್ಲವನಾಗಿರಬೇಕೆಂಬ ಆಶಯವನ್ನು ಸೂಚಿಸಿತ್ತು.

೯. ಪ್ರತಿಬಂಧಕಗಳು

ರೋಗಿಗಳು ಹೆಚ್ಚಾಗಿದ್ದ ಮಾತ್ರಕ್ಕೆ ಕೌಶಲವು ಹೆಚ್ಚುವುದೆಂದು ಹೇಳಲಾಗುವುದಿಲ್ಲ. ಚರಕನು ಚಿಕಿತ್ಸೆಗೆ ವೈದ್ಯ, ದ್ರವ್ಯ, ಪರಿಚಾರಕ, ರೋಗಿ ಎಂದು ನಾಲ್ಕು ಪಾದಗಳನ್ನು ಹೇಳಿದ್ದಾನೆ. ಔಷಧವೂ ಉಪಕರಣವೂ ಸಾಲದಿದ್ದರೆ, ಪರಿಚಾರಕರು ಕಡಮೆಯಾದರೆ, ಶಿಕ್ಷಾರ್ಥಿಯು ಅವರ ಕೆಲಸವನ್ನೂ ತಾನೇ ಮಾಡುತ್ತ ಕಾಲವನ್ನು ಕಳೆಯುತ್ತಾನೆ. ಕಾಗದಗಳನ್ನು ಹೊತ್ತು ತಿರುಗುವುದರಿಂದ ದೃಷ್ಟಕರ್ಮತೆಯು ಬರುವುದಿಲ್ಲ. ಕಂಡುದನ್ನು ಹಿರಿಯರೊಡನೆ ಚರ್ಚಿಸಿ ತಪ್ಪನ್ನು ತಿದ್ದಿಕೊಳ್ಳದಿದ್ದರೆ ನೂರು ರೋಗಿಗಳನ್ನು ಕಂಡರೂ ಒಂದೇ ತಪ್ಪು ನೂರು ಸಲ ಆಗಬಹುದು. ಸುಶ್ರುತನು ಹೇಳಿದ, ಚಂದನದ ಭಾರವನ್ನು ಮಾತ್ರ ಬಲ್ಲ ಕತ್ತೆಯ ದೃಷ್ಟಾಂತವು ಅರ್ಥವನ್ನು ತಿಳಿಯದೆ ಓದುವವನಿಗೆ ಅನ್ವಯಿಸುವಂತೆ, ತಿದ್ದುವವರಿಲ್ಲದೆ ದುಡಿಯುವವನಿಗೂ ಅನ್ವಯಿಸುತ್ತದೆ.

ಎರಡನೆಯ ಪ್ರತಿಬಂಧಕವು ಆಯಾಸ. ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ 1984ರಲ್ಲಿ ಲಿಬ್ಬಿ ಜಯಾನ್ ಎಂಬ ತರುಣಿಯು ಮೃತಳಾದ ಮೇಲೆ ರೆಸಿಡೆಂಟ್ ವೈದ್ಯರ ದುಡಿಮೆಯ ಅವಧಿಯು ಅಲ್ಲಿ ಸಾರ್ವಜನಿಕ ಚರ್ಚೆಗೆ ಬಂದಿತು. 1989ರಲ್ಲಿ ಆ ರಾಜ್ಯವೂ 2003ರಲ್ಲಿ ಆ ದೇಶದ ಶಿಕ್ಷಣಮಂಡಲಿಯೂ ವಾರಕ್ಕೆ 80 ಗಂಟೆಗಳ ಮಿತಿಯನ್ನು ಗೊತ್ತುಮಾಡಿದುವು. ಭಾರತದಲ್ಲಿ ಕೇಂದ್ರ ಸರ್ಕಾರವು 1992ರ ರೆಸಿಡೆನ್ಸಿ ಯೋಜನೆಯಲ್ಲಿ, ಸಾಮಾನ್ಯವಾಗಿ ದಿನಕ್ಕೆ 12 ಗಂಟೆಗಳಿಗೂ ವಾರಕ್ಕೆ 48 ಗಂಟೆಗಳಿಗೂ ಮೀರಬಾರದೆಂದು ಸೂಚಿಸಿತು. 2023ರ ಸ್ನಾತಕೋತ್ತರ ಶಿಕ್ಷಣನಿಯಮಗಳು ಗಂಟೆಗಳನ್ನು ಎಣಿಸದೆ, ಸಮಂಜಸವಾದ ಅವಧಿಯ ದುಡಿಮೆಯನ್ನೂ ವಿಶ್ರಾಂತಿಯನ್ನೂ ಹೇಳುತ್ತವೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆಯೊಂದು 2024ರಲ್ಲಿ ವಾರಕ್ಕೆ 74 ಗಂಟೆಗಳನ್ನು ಮೀರಬಾರದೆಂದು ಸಲಹೆಮಾಡಿತು. 48ರಿಂದ 74ಕ್ಕೆ ಏರಿದ ಈ ಅಂಕಿಯೇ, ಮೊದಲನೆಯ ಸೂಚನೆಯು ಎಷ್ಟರಮಟ್ಟಿಗೆ ಆಚರಣೆಗೆ ಬಂದಿತೆಂಬುದಕ್ಕೆ ಸಾಕ್ಷಿಯಂತಿದೆ.

ದಣಿದವನು ಕಲಿಯಲಾರನು ಎಂಬುದು ಒಂದು ಹಾನಿಯಾದರೆ, ದಣಿದವನ ಕೈಯು ರೋಗಿಯ ಮೇಲಿರುತ್ತದೆ ಎಂಬುದು ಅದಕ್ಕಿಂತ ದೊಡ್ಡ ಹಾನಿ. ಸುಶ್ರುತನ ಉಪನಯನವಿಧಿಯಲ್ಲಿ ಗುರುವು ಕೊಡುವ ಮಾತಿಗೆ ಇಲ್ಲಿಯೇ ಅರ್ಥವು ಬರುತ್ತದೆ. ಶಿಷ್ಯನು ಸರಿಯಾಗಿ ದುಡಿಯುತ್ತಿರುವಾಗ ಅವನನ್ನು ಕಲಿಯಲಾಗದ ಸ್ಥಿತಿಗೆ ತಂದರೆ, ದೋಷವು ಶಿಷ್ಯನದಲ್ಲ.

೧೦. ಉಪಸಂಹಾರ

ಮೇಲಿನ ವಿಚಾರದಿಂದ ಶಿಕ್ಷಾರ್ಥಿಯಾದ ವೈದ್ಯನ ಕೌಶಲಕ್ಕೆ ಆರು ಕಾರಣಗಳು ನಿಷ್ಪನ್ನವಾಗುತ್ತವೆ: ಕರ್ಮವನ್ನು ಕಂಡ, ಕೋಪವಿಲ್ಲದ ಆಚಾರ್ಯನು, ರೋಗಿಯನ್ನು ಮುಟ್ಟುವ ಮೊದಲು ಮಾಡುವ ಯೋಗ್ಯೆ, ಬಹು ರೋಗಿಗಳ ದರ್ಶನ ಮತ್ತು ನಿರ್ಭಯವಾದ ಸಂಭಾಷೆ, ಉಪಕರಣ ಪರಿಚಾರಕರ ಸಮೃದ್ಧಿ, ರೋಗಿಯ ಭಾಷೆಯ ಪರಿಚಯ, ಆಳುವವರ ಅನುಜ್ಞೆ ಮತ್ತು ಅದರೊಡನೆ ಬರುವ ಹೊಣೆ. ಇವುಗಳಲ್ಲಿ ಶಿಷ್ಯನ ಪ್ರತಿಭೆಯನ್ನು ಪ್ರತ್ಯೇಕವಾಗಿ ಎಣಿಸಿಲ್ಲವೆಂದು ಆಕ್ಷೇಪಿಸಬಹುದು. ಪ್ರತಿಭೆಯು ಬೀಜವೆಂಬುದು ನಿಜವೇ. ಆದರೆ ಸಂಹಿತಾಕಾರರು ಹೆಚ್ಚಾಗಿ ಹೇಳಿದುದು ಗದ್ದೆಯ ವಿಷಯವನ್ನೇ.

ಕೊನೆಯದಾಗಿ ಗಮನಿಸಬೇಕಾದ ಅಂಶವೊಂದಿದೆ. 1162ರ ಶಾಸನವು ಹೇಳುವ ರೋಗಿಗಳು ಅನಾಥರು. ಇಂದಿನ ಜಿಲ್ಲಾ ಆಸ್ಪತ್ರೆಗಳಿಗೆ ಬರುವವರಲ್ಲಿಯೂ ಬೇರೆ ಗತಿಯಿಲ್ಲದವರೇ ಬಹುಮಂದಿ. ಉಳ್ಳವನು ಪಳಗಿದ ಕೈಯನ್ನು ಹುಡುಕಿಕೊಂಡು ಹೋಗುತ್ತಾನೆ. ಇಲ್ಲದವನು ಪಳಗುತ್ತಿರುವ ಕೈಗೆ ತನ್ನ ಶರೀರವನ್ನು ಒಪ್ಪಿಸುತ್ತಾನೆ. ಮುಂದೆ ಉಳ್ಳವನಿಗೆ ದೊರೆಯುವ ಕುಶಲವೈದ್ಯನು ಹಿಂದೆ ಯಾರೋ ಬಡವನ ಹಾಸಿಗೆಯ ಬಳಿಯಲ್ಲಿ ಕಲಿತವನೇ ಆಗಿರುತ್ತಾನೆ. ಆದುದರಿಂದ ವೈದ್ಯಶಿಕ್ಷಣದ ಋಣವು ಆ ಬಡವನಿಗೆ ಸಲ್ಲತಕ್ಕದ್ದು. ಶಿಷ್ಯನ ಮೊದಲನೆಯ ತಪ್ಪು ಸೋರೆಕಾಯಿಯ ಮೇಲೆಯೇ ಮುಗಿಯುವಂತೆ ನೋಡಿಕೊಳ್ಳುವುದೂ, ಅವನ ಪಕ್ಕದಲ್ಲಿ ಎಚ್ಚರವಾಗಿರುವ ಆಚಾರ್ಯನೊಬ್ಬನನ್ನು ನಿಲ್ಲಿಸುವುದೂ ಆ ಋಣವನ್ನು ತೀರಿಸುವ ಬಗೆಯು. ಕೋಡಿಯ ಮಠದ ಶಾಸನವು ರೋಗಿಗಳ ಚಿಕಿತ್ಸೆಯನ್ನು ಹೇಳಿದುದರೊಡನೆ ಸಕಲ ಜೀವಿಗಳಿಗೂ ಅಭಯಸ್ಥಾನವೆಂಬ ಮಾತನ್ನೂ ಹೇಳಿರುವುದು ಇದಕ್ಕೆ ತಕ್ಕುದಾಗಿಯೇ ಇದೆ.